ನಮ್ಮ ಲಾರಿ ಸೋರುವುದಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲಾರಿಯ ಕ್ಯಾಬಿನ್ನಿನೊಳಗೆ ಛತ್ರಿ ಬಿಚ್ಚಿಕೊಂಡು ಡ್ರೈವ್ ಮಾಡುತ್ತಿರುವ ಆ ಫೋಟೋದಲ್ಲಿ ಇರುವವನು ನಾನೇ, ಕೊಟ್ಟೂರಿನ ಹಂಪೇಶ. ಫೋಟೋ ಬೆಳಿಗ್ಗೆ ಕೂಡ್ಲಿಗಿಯಲ್ಲಿ ಹುಟ್ಟಿತು. ಮಧ್ಯಾಹ್ನದೊಳಗೆ ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿತು. ಸಂಜೆ ಚಹಾದ ಹೊತ್ತಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೇ ವಾಪಸ್ ಬಂತು. ಕೆಳಗೆ ಯಾರೋ ಪುಣ್ಯಾತ್ಮರು ‘ಹೊರಗೆ ತುಂತುರು, ಒಳಗೆ ಜೋರು’ ಎಂದು ಬರೆದಿದ್ದರು.

ನಮ್ಮ ಲಾರಿ ನನಗಿಂತ ಎರಡು ವರ್ಷ ದೊಡ್ಡದು. ಹಸಿರು ಬಣ್ಣ. ಅದರ ಹಾರ್ನ್ ಕೇಳಿದರೆ ಉಜ್ಜಿನಿ ರಸ್ತೆಯ ಎಮ್ಮೆಗಳು ತಾವಾಗಿಯೇ ಎಡಕ್ಕೆ ಸರಿಯುತ್ತವೆ. ಕಾಗದದಲ್ಲಿ ಅದು ನಮ್ಮ ದೊಡ್ಡಪ್ಪ ಕೊಟ್ರಬಸಪ್ಪನವರದು, ಓಡಿಸುವವನು ನಾನು. ಎಂಜಿನ್ನಿಗೆ ಏನೂ ಆಗಿಲ್ಲ, ಬ್ರೇಕಿಗೆ ಏನೂ ಆಗಿಲ್ಲ. ಮಳೆ ಬಂದರೆ ಮಾತ್ರ ಕ್ಯಾಬಿನ್ನಿನಲ್ಲಿ ನನ್ನ ತಲೆಯ ಮೇಲೆ ಮೂರು ಕಡೆ, ಪಕ್ಕದ ಸೀಟಿನ ಮೇಲೆ ಒಂದು ಕಡೆ ನೀರು ತೊಟ್ಟಿಕ್ಕುತ್ತದೆ. ಅಷ್ಟೇ. ಅದಕ್ಕಾಗಿ ಛತ್ರಿಯ ಹಿಡಿಯನ್ನು ಕಾಲರಿಗೆ ಸಿಕ್ಕಿಸಿಕೊಂಡಿದ್ದೆ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು, ಬೇಕಾದರೆ ಫೋಟೋ ದೊಡ್ಡದು ಮಾಡಿ ನೋಡಿಕೊಳ್ಳಿ.

ಕೂಡ್ಲಿಗಿಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದರು. ಕಿಟಕಿಯಿಂದ ಒಳಗೆ ಇಣುಕಿ, ಛತ್ರಿ ನೋಡಿ, ನನ್ನ ಮುಖ ನೋಡಿ, ಮತ್ತೆ ಛತ್ರಿ ನೋಡಿದರು.

“ಏನಪಾ ಇದು?”

“ಛತ್ರಿ ಸರ್.”

“ಅದು ಕಾಣ್ತೈತಿ. ಬೆಲ್ಟ್ ಹಾಕಿಲ್ಲಂದ್ರ ಕೇಸ್ ಐತಿ, ಫೋನ್ ಹಿಡದ್ರ ಕೇಸ್ ಐತಿ. ಇದಕ್ಕ ಏನಂತ ಬರೀಲಿ?”

“ಬೆಲ್ಟ್ ಹಾಕೀನಿ ಸರ್.”

ಅವರು ಬಹಳ ಹೊತ್ತು ಯೋಚನೆ ಮಾಡಿದರು. ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿದ್ದ ನಮ್ಮಜ್ಜಿ ಪಂಪಮ್ಮ ಕಾಗದದ ಪೊಟ್ಟಣವನ್ನು ಅವರ ಮುಂದೆ ಹಿಡಿದಳು. “ತಗೋಪಾ, ಮಂಡಕ್ಕಿ. ಮೆತ್ತಗದಾವ.”

ಇಲ್ಲಿ ಅಜ್ಜಿಯ ವಿಷಯ ಹೇಳಲೇಬೇಕು. ಅಜ್ಜಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಆದರೆ ಮಂಡಕ್ಕಿ ಬಿಡುವ ಹೆಂಗಸಲ್ಲ. ಗರಿಗರಿ ಮಂಡಕ್ಕಿ ವಸಡು ಚುಚ್ಚುತ್ತದೆ, ತೋಯಿಸಿ ಒಗ್ಗರಣೆ ಹಾಕಿದ್ದು ಖಾರವಾಗುತ್ತದೆ. ಆದ್ದರಿಂದ ಮಳೆ ಬಂದ ದಿನ ನನ್ನ ಪಕ್ಕದ ಸೀಟು ಹತ್ತಿ, ತೊಟ್ಟಿಕ್ಕುವ ಜಾಗದ ಕೆಳಗೆ ಪೊಟ್ಟಣ ಬಿಚ್ಚಿ ಹಿಡಿದು ಕೂರುತ್ತಾಳೆ. ಹನಿಹನಿಯಾಗಿ ಬಿದ್ದ ನೀರಿನಲ್ಲಿ ಮಂಡಕ್ಕಿ ಅವಳಿಗೆ ಬೇಕಾದ ಹದಕ್ಕೆ ಬರುತ್ತದೆ. ಇಡೀ ಜಿಲ್ಲೆಯಲ್ಲಿ ನಮ್ಮ ಲಾರಿಯ ಸೋರಿಕೆಯನ್ನು ಮೆಚ್ಚಿಕೊಂಡಿದ್ದವಳು ಅವಳೊಬ್ಬಳೇ.

ಕಾನ್‌ಸ್ಟೇಬಲ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಹೋಗ್ರಿ, ಹೋಗ್ರಿ” ಎಂದರು. ಕೇಸು ಆಗಲಿಲ್ಲ. ಫೋಟೋ ಆಯಿತು, ಎದುರಿನ ಚಹಾದಂಗಡಿಯವರ ಕೆಲಸ ಅದು.

ಮರುದಿನ, ಗುರುವಾರ, ದೊಡ್ಡಪ್ಪ ಅಂಗಳದಲ್ಲಿ ಪೇಪರು ಮಡಚಿಟ್ಟು ತೀರ್ಪು ಕೊಟ್ಟರು. “ಸಾಕು. ಮರ್ಯಾದಿ ಹೋತು. ಮಂಗಳವಾರ ಹಗರಿಬೊಮ್ಮನಹಳ್ಳಿ ಗುಜರಿಯವ ಬರ್ತಾನ. ಕೊಟ್ಟುಬಿಡ್ತೀನಿ.”

“ದೊಡ್ಡಪ್ಪ, ಎಂಜಿನ್ ಇನ್ನಾ—”

“ಎಂಜಿನ್ ಇಟ್ಕೊಂಡು ಏನ್ ಮಾಡ್ಲಿ, ಪೂಜಿ ಮಾಡ್ಲ್ಯಾ? ಮಳಿಗಾಲದಾಗ ಸೋರೋ ಲಾರಿಗೆ ಬಾಡಿಗಿ ಯಾರು ಕೊಡ್ತಾರ? ನಾಕು ತಿಂಗಳ ಕೆಲಸ ಹಿಡ್ಕೊಂಡ್ ಬಾ, ಲಾರಿ ಇರ್ತೈತಿ. ಇಲ್ಲಂದ್ರ ಮಂಗಳವಾರ.”

ನಾನು ಅಂಗಿ ಇಸ್ತ್ರಿ ಮಾಡಿಕೊಂಡು ನೇರ ಗುರುಬಸವರಾಜ ಸಾವ್ಕಾರರ ಮಂಡಕ್ಕಿ ಭಟ್ಟಿಗೆ ಹೋದೆ. ಸಾವ್ಕಾರರು ಕೊಟ್ಟೂರಿನಿಂದ ಹರಪನಹಳ್ಳಿ, ಹಡಗಲಿ ಕಡೆಯ ಅಂಗಡಿಗಳಿಗೆಲ್ಲ ಮಂಡಕ್ಕಿ ಕಳಿಸುವವರು. ಕಾಲಿನಿಂದ ತಲೆಯವರೆಗೆ ಬಿಳಿ ಬಟ್ಟೆ. ಆ ಬಿಳುಪಿನ ಮೇಲೆ ಇದುವರೆಗೆ ಒಂದು ಕಲೆಯನ್ನೂ ಯಾರೂ ನೋಡಿಲ್ಲ. ಮಳೆಗಾಲಕ್ಕೆ ಅವರು ಲಾರಿ ಹುಡುಕುತ್ತಿದ್ದರು.

“ಮಂಡಕ್ಕಿಗೆ ಒಂದು ಹನಿ ತಾಗಿದ್ರ ಇಡೀ ಚೀಲ ಹೋತು” ಎಂದು ಶುರು ಮಾಡಿದರು.

“ನಮ್ಮ ಲಾರಿ ಸೋರಂಗಿಲ್ರಿ ಸಾವ್ಕಾರ್ರೇ. ಹಿಂದ ಹೊಸಾ ತಾಡಪಾಲ ಐತಿ. ಒಳಗೂ ಒಂದ್ ಹನಿ ಬರಂಗಿಲ್ಲ.”

ಸಾವ್ಕಾರರು ಜೇಬಿನಿಂದ ಮೊಬೈಲು ತೆಗೆದು, ಫೋಟೋ ಹುಡುಕಿ, ನನ್ನ ಮುಖದ ಪಕ್ಕದಲ್ಲಿ ಹಿಡಿದರು. ಹೋಲಿಕೆ ಸರಿಯಾಗಿಯೇ ಇತ್ತು.

“ಇದು?”

“ಅದು... ಬಿಸಿಲಿಗೆ ಹಿಡಿದದ್ರಿ.”

“ಗಾಜಿನ ಮ್ಯಾಲೆ ವೈಪರ್ ಓಡಾಕತ್ತೈತಲ್ಲ?”

“ಬಿಸಿಲು ಒರಸಾಕತ್ತಿತ್ರಿ.”

ಭಟ್ಟಿಯ ಹೆಣ್ಣಾಳುಗಳು ನಗುವುದಕ್ಕೆ ಕೆಲಸ ನಿಲ್ಲಿಸಿದರು. ಸಾವ್ಕಾರರು ನಗಲಿಲ್ಲ. “ಸೋಮವಾರ ಮಳಿ ಐತಿ ಅಂತ ನಿಮ್ಮ ಓಣಿ ಮಳಿ ಅಳಿಯೋ ಕೋಮಲಾ ಹೇಳ್ಯಾಳ. ಅವತ್ತು ನಾನ ನಿನ್ನ ಲಾರಿಯಾಗ ಕುಂತು ಹರಪನಹಳ್ಳಿಗೆ ಬರ್ತೀನಿ. ತೊಡಿ ಮ್ಯಾಲೆ ಬಾಯಿ ಬಿಚ್ಚಿದ ಮಂಡಕ್ಕಿ ಪೊಟ್ಟಣ ಇಟ್ಕೊಂಡಿರ್ತೀನಿ. ಹರಪನಹಳ್ಳಿಯಾಗ ಅದು ಗರಿಗರಿ ಇದ್ರ ಮಳಿಗಾಲದ ಕೆಲಸ ಪೂರಾ ನಿಂದು. ಡ್ರೈವರ್ ತಲಿ ಮ್ಯಾಲೆ ಸೋರೋ ಲಾರಿ ನನ್ನ ಚೀಲದ ಮ್ಯಾಲೆ ಸೋರಂಗಿಲ್ಲ ಅಂತ ಹೆಂಗ ನಂಬ್ಲಿ?”

“ಬರ್ರಿ ಸಾವ್ಕಾರ್ರೇ. ಛತ್ರಿ ಮಾತ್ರ ತರಬ್ಯಾಡ್ರಿ, ಬೇಕಾಗಂಗಿಲ್ಲ!” ಎಂದು ಎದೆಯುಬ್ಬಿಸಿ ಹೇಳಿಬಿಟ್ಟೆ. ಹೇಳಿದ ಮೇಲೆ ಸೋಮವಾರಕ್ಕೆ ಮೂರೇ ದಿನ ಇರುವುದು ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ಬಾಡಿ ಕೆಲಸದ ಹುಲುಗಪ್ಪನನ್ನು ಕರೆತಂದೆ. ಹುಲುಗಪ್ಪ ಕ್ಯಾಬಿನ್ನಿನ ನೆತ್ತಿ ಹತ್ತಿ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಡಾಕ್ಟರು ಎದೆಗೆ ಕಿವಿಯಿಟ್ಟಂತೆ ತಗಡಿಗೆ ಕಿವಿಯಿಟ್ಟು, ಮೇಲಿನಿಂದಲೇ ಕೂಗಿ ಹೇಳಿದ: “ಇದು ಕ್ಯಾಬಿನ್ ಅಲ್ಲಪಾ ಹಂಪೇಶ. ಜರಡಿ. ಹತ್ತು ತೂತು ಅದಾವ.”

ಈ ಹತ್ತರ ಹಿಂದೆ ನಮ್ಮ ಮನೆತನದ ಇತಿಹಾಸವೇ ಇದೆ. ನಮ್ಮಲ್ಲಿ ಲಾರಿಗೆ ಮರ್ಯಾದೆ ಮಾಡುವುದು ಎಂದರೆ ಅದರ ತಲೆಯ ಮೇಲೆ ಏನನ್ನಾದರೂ ಬಡಿಯುವುದು. ಲಾರಿ ಬಂದ ವರ್ಷ ಅಜ್ಜಿ ದೃಷ್ಟಿಗೆಂದು ಕುದುರೆಯ ಲಾಳ ಬಡಿಸಿದಳು: ಮೂರು ಮೊಳೆ. ದೊಡ್ಡಪ್ಪ ತಮ್ಮ ಹೆಸರಿನ ಕಮಾನು ಬೋರ್ಡು ನಿಲ್ಲಿಸಿದರು: ನಾಲ್ಕು ಬೋಲ್ಟು. ಅರ್ಚನಾ ಅಕ್ಕನ ಮದುವೆಯಾದ ಮೇಲೆ ಭಾವ ಎರಡು ಹಿತ್ತಾಳೆ ಗಂಟೆ ಹಾಕಿಸಿದರು: ಎರಡು ತೂತು. ಒಟ್ಟು ಒಂಬತ್ತು.

“ಹತ್ತನೇದು ಯಾವುದಲೇ, ಹಿಂದಿನ ಗೋಡಿ ಮೂಲ್ಯಾಗ?” ಎಂದ ಹುಲುಗಪ್ಪ.

“ಅದು ನನ್ನ ನೀಲಿ ದೀಪದ ವೈರಿಂದು. ಅಳತಿ ಹಿಡಿದು, ವಿಡಿಯೋ ನೋಡಿ ಕೊರೆದದ್ದು. ಅದನ್ನ ಬಿಡು, ಉಳಿದದ್ದು ನೋಡು.”

“ಉಳಿದದ್ದಕ್ಕ ಒಂದ ಔಷಧ. ಎಲ್ಲಾ ಬಿಚ್ಚಿ, ವೆಲ್ಡ್ ಮಾಡಿ, ಬಣ್ಣ ಹೊಡೆಯೋದು.”

ಈ ಔಷಧವನ್ನು ನಾನು ಅಂಗಳದಲ್ಲಿ ಎಲ್ಲರ ಮುಂದೆ ಓದಿ ಹೇಳಿದೆ. ಹೇಳಬಾರದಿತ್ತು. ನಮ್ಮೂರಲ್ಲಿ ಒಬ್ಬರಿಗೆ ನಿಮ್ಮ ಮಗ ಫೇಲು ಎನ್ನಬಹುದು, ನಿಮ್ಮ ಸಾರಿಗೆ ಉಪ್ಪಿಲ್ಲ ಎನ್ನಬಹುದು. ನೀವು ಬಡಿದ ಮೊಳೆ ಸೋರುತ್ತದೆ ಎಂದು ಮಾತ್ರ ಅನ್ನಬಾರದು.

“ಈ ಲಾಳ ಬಡದ ದಿನದಿಂದ ಈ ಲಾರಿ ಒಂದು ಕೋಳಿಗೂ ತಾಗಿಲ್ಲ” ಎಂದಳು ಅಜ್ಜಿ. “ಅದನ್ನ ಕೀಳಾಕ ಬಂದವನ ಕೈಗೆ ನಾನ ತಾಗ್ತೀನಿ.”

ಅರ್ಚನಾ ಅಕ್ಕನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯೂಟಿ ಪಾರ್ಲರ್ ಇದೆ. ಅರ್ಧ ಫೇಶಿಯಲ್ ಬಿಟ್ಟು ಬಂದಿದ್ದಳು. “ನನ್ನ ಗಂಡ ಹಾಕಿಸಿದ ಗಂಟಿ ಸೋರತಾವ ಅಂದ್ರ ನಮ್ಮ ಅತ್ತಿ ಮನಿ ಸೋರತೈತಿ ಅಂದಂಗ. ನಾ ಅಲ್ಲಿಗೆ ಮುಖ ಹೆಂಗ ತಗೊಂಡು ಹೋಗ್ಲೋ?”

ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ನನ್ನ ಬೋರ್ಡು ತೆಗೆದ್ರ ಲಾರಿ ಯಾರದು ಅಂತ ಯಾರಿಗೆ ಗೊತ್ತಾಗ್ಬೇಕಲೇ?”

“ಮಂಗಳವಾರ ಗುಜರಿಗೆ ಹೋಗೋ ಲಾರಿಗೆ ಬೋರ್ಡು ಯಾಕ ದೊಡ್ಡಪ್ಪ?”

“ಗುಜರಿಯವನಿಗೂ ಗೊತ್ತಾಗ್ಲಿ, ಯಾರ ಲಾರಿ ಅಂತ!”

ಮೂವರದ್ದೂ ಒಂದೇ ಮಾತು: ನನ್ನದು ಸೋರುವುದಿಲ್ಲ, ಉಳಿದಿಬ್ಬರದು ನೋಡು. ಆಗ ನಾನು ಘೋಷಣೆ ಮಾಡಿದೆ. ಭಾನುವಾರ ಬೆಳಿಗ್ಗೆ ಬಹಿರಂಗ ಪರೀಕ್ಷೆ. ಮೂವರೂ ಕ್ಯಾಬಿನ್ನಿನಲ್ಲಿ ಕೂರಬೇಕು. ಎಲ್ಲರ ತೊಡೆಯ ಮೇಲೂ ಒಂದೊಂದು ಪೇಪರು, ಪೇಪರಿನ ಮೇಲೆ ಮಂಡಕ್ಕಿ. ಮೇಲಿನಿಂದ ನೀರು ಬಿಡುವುದು. ಯಾರ ತೂತಿನ ಕೆಳಗಿನ ಮಂಡಕ್ಕಿ ಮೆತ್ತಗಾಗುತ್ತದೋ ಅವರದ್ದು ಕಿತ್ತು ವೆಲ್ಡಿಂಗು. ಒಂದು ಹನಿ ಬಿದ್ದರೂ ಮಂಡಕ್ಕಿ ಮುದುಡಿ ಸಾಕ್ಷಿ ಹೇಳುತ್ತದೆ. ಇಂಥ ಯಂತ್ರವನ್ನು ಯಾವ ದೇಶದವರೂ ಕಂಡುಹಿಡಿದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಶುಕ್ರವಾರ, ಶನಿವಾರ ನಮ್ಮ ಓಣಿಯಲ್ಲಿ ಕೆಲವು ವಿಚಿತ್ರಗಳು ನಡೆದವು. ಮಧ್ಯಾಹ್ನ ಎರಡಕ್ಕೆ ಮಲಗಿದರೆ ನಾಲ್ಕರವರೆಗೆ ಏಳದ ದೊಡ್ಡಪ್ಪ ಎರಡೂವರೆಗೆ ಲಾರಿಯ ಕಡೆಯಿಂದ ಬರುತ್ತಿದ್ದರು. ಏನು ಎಂದು ಕೇಳಿದರೆ “ಗಾಳಿ ಚೊಲೋ ಐತಿ” ಎಂದರು. ಅರ್ಚನಾ ಅಕ್ಕ ಪಾರ್ಲರಿನ ಡಬ್ಬಿ ಸಮೇತ ಲಾರಿ ಹತ್ತಿ ಇಳಿದಳು. ಅಜ್ಜಿ ಎಲೆಯಡಿಕೆಯ ಸುಣ್ಣದ ಡಬ್ಬಿ ಖಾಲಿಯಾಗಿದೆ ಎಂದು ಎರಡು ಸಲ ತರಿಸಿದಳು, ಜೊತೆಗೆ ಒಂದು ಉಂಡೆ ಬೆಲ್ಲ. ಎದುರು ಮನೆಯ ಗಿಡ್ಡಮ್ಮ, ಹೆಸರು ಗಿಡ್ಡಮ್ಮ, ಆಳು ಆರಡಿ, ನಮ್ಮ ಲಾರಿಯ ಮುಂದೆ ಕುರ್ಚಿ ಹಾಕಿ ಅದರ ಮೇಲೆ ನಿಂತಿದ್ದಳು. ನನ್ನನ್ನು ನೋಡಿ “ಕಾಗಿ ಓಡಿಸಾಕತ್ತಿದ್ದೆ” ಎಂದಳು. ಕಾಗೆ ಇರಲಿಲ್ಲ. ನಾನು ಪರೀಕ್ಷೆಯ ತಯಾರಿಯಲ್ಲಿದ್ದೆ, ಇಂಥ ಸಣ್ಣ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ಭಾನುವಾರ ಎಂಟು ಗಂಟೆಗೆ ಓಣಿ ತುಂಬಿತು. ನೀರಿನ ಟ್ಯಾಂಕರ್ ಬಂತು. ಏಣಿಯ ಮೇಲೆ ಹುಲುಗಪ್ಪ ಪೈಪು ಹಿಡಿದು ನಿಂತ. ಕೋಮಲಾ ತಾಲೂಕು ಕಚೇರಿಯಲ್ಲಿ ದಿನಾ ಮಳೆಯ ಅಳತೆ ಬರೆಯುವವಳು, ರಜೆಯ ದಿನವಾದರೂ ಪೆನ್ನು, ಪುಸ್ತಕ ಸಮೇತ ಬಂದಿದ್ದಳು.

“ಹಂಪೇಶ, ಹಂಗ ನೆತ್ತಿ ಮ್ಯಾಲಿಂದ ಒಮ್ಮೆಲೆ ಹೊಯ್ಯಬಾರ್ದು” ಎಂದಳು. “ಕೆಳಗಿಂದ ಒಂದೊಂದ ಜಾಗ—”

“ನೀ ಮಳಿ ಅಳಿಯಾಕಿ. ಇದು ಸೋರಿಕಿ. ಬ್ಯಾರೆ ಖಾತಿ” ಎಂದೆ.

ಅಜ್ಜಿ ತನ್ನ ಮಾಮೂಲಿ ಎಡಗಡೆಯ ಸೀಟಿನಲ್ಲಿ, ನಡುವೆ ಅಕ್ಕ, ಸ್ಟೇರಿಂಗಿನ ಹಿಂದೆ ದೊಡ್ಡಪ್ಪ. ತೊಡೆಯ ಮೇಲೆ ಮಂಡಕ್ಕಿ ಹರಡಿದೆ. ಬಾಗಿಲು ಹಾಕಿದೆ. “ಬಿಡು!” ಎಂದೆ. ಹುಲುಗಪ್ಪ ಬಿಟ್ಟ. ನೀರು ನಾಲ್ಕೂ ಕಡೆ ಪರದೆಯಂತೆ ಇಳಿಯಿತು. ಒಳಗಿರುವವರು ಯಾರೂ ಕಾಣಿಸಲಿಲ್ಲ. ಹತ್ತು ನಿಮಿಷ. ನಿಲ್ಲಿಸಿ ಬಾಗಿಲು ತೆಗೆದೆ.

ಮೂರು ಪೇಪರೂ ಖಾಲಿ.

“ಮಂಡಕ್ಕಿ ಎಲ್ರಿ?”

ದೊಡ್ಡಪ್ಪನ ಮೀಸೆಯಲ್ಲಿ ಎರಡು ಕಾಳು ಸಿಕ್ಕಿಕೊಂಡಿದ್ದವು. “ಗಿಡ್ಡಮ್ಮ ಕಿಟಕ್ಯಾಗ ಬಿಸಿ ಮಿರ್ಚಿ ಕೊಟ್ಳು” ಎಂದರು. “ಮಿರ್ಚಿ ಒಂದ ತಿನ್ನಾಕ ಬರ್ತೈತೇನಲೇ?”

“ಸಾಕ್ಷಿ ತಿಂದ್ರಿ ದೊಡ್ಡಪ್ಪ!”

“ಚೊಲೋ ಇತ್ತು ಸಾಕ್ಷಿ” ಎಂದಳು ಅಕ್ಕ.

ಓಣಿಯವರು ನಗುವ ರೀತಿ ನೋಡಿದರೆ ಪರೀಕ್ಷೆ ಮುಗಿಯಿತು ಎಂದೇ ಅನಿಸುತ್ತಿತ್ತು. ಅಷ್ಟರಲ್ಲಿ ಕೋಮಲಾ ಹುಲುಗಪ್ಪನ ಕೈಯಿಂದ ಪೈಪು ಕಸಿದುಕೊಂಡಳು. “ಇನ್ನ ನಾ ಹೇಳಿದಂಗ. ಗಿಡ್ಡಮ್ಮ, ಬಾಂಡ್ಲಿ ಇಳಿಸು, ಮಿರ್ಚಿ ಬಂದ್. ಮೊದಲ ಗಾಜಿನ ರಬ್ಬರ್, ಆಮ್ಯಾಲೆ ಲಾಳ, ಆಮ್ಯಾಲೆ ಬೋರ್ಡು, ಆಮ್ಯಾಲೆ ಗಂಟಿ. ಒಂದೊಂದಕ್ಕ ಐದ್ ನಿಮಿಷ. ಎಲ್ಲಾ ಒಮ್ಮೆಲೆ ತೋಯಿಸಿದ್ರ ನೀರು ಯಾವ ಹಾದಿ ಹಿಡದು ಬಂತು ಅಂತ ಹೆಂಗ ಗೊತ್ತಾಗ್ಬೇಕು?”

ಹೊಸ ಮಂಡಕ್ಕಿ ಬಂತು. ಗಾಜಿನ ರಬ್ಬರಿಗೆ ನೀರು ಬಿಟ್ಟಳು: ಒಳಗೆ ಒಣ. ಲಾಳಕ್ಕೆ ಬಿಟ್ಟಳು: ಒಣ. “ನೋಡಿದ್ಯಾ!” ಎಂದಳು ಅಜ್ಜಿ ಒಳಗಿನಿಂದ. ಬೋರ್ಡಿಗೆ ಬಿಟ್ಟಳು: ನಾಲ್ಕೂ ಬೋಲ್ಟು ಒಣ. ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಜನರಿಗೆ ಕೈಮುಗಿದರು, ಎಲೆಕ್ಷನ್ ಗೆದ್ದವರ ಹಾಗೆ. ಗಂಟೆಗೆ ಬಿಟ್ಟಳು: ಅದೂ ಒಣ. ಅಕ್ಕ ಅಲ್ಲಿಂದಲೇ ಗಂಡನಿಗೆ ಫೋನು ಹಚ್ಚಿ “ನಮ್ಮದು ಸೋರಲಿಲ್ರಿ!” ಎಂದು ಕೂಗಿದಳು.

ಬುಧವಾರ ಛತ್ರಿ ಹಿಡಿಸಿದ ಲಾರಿ ಭಾನುವಾರ ಹೇಗೆ ಒಣಗಿತು? ಕೋಮಲಾ ಏಣಿ ಹತ್ತಿ ಹತ್ತಿರದಿಂದ ನೋಡಿದಳು. ಮೂಸಿದಳು. ಬೆರಳಿಂದ ಮುಟ್ಟಿದಳು.

“ಲಾಳದ ಸುತ್ತ ಇರುವಿ ಸಾಲು ಹಿಡದಾವ” ಎಂದಳು. “ಸುಣ್ಣ-ಬೆಲ್ಲ ಕಲಿಸಿ ಮೆತ್ಯಾರ. ಕಲ್ಲಿನಂಗ ಕುಂತೈತಿ. ಗಂಟಿ ಬುಡಕ್ಕ ಉಗುರಿನ ಬಣ್ಣ, ಮೂರು ಕೋಟು, ರಾಣಿ ಕಲರ್. ಬೋರ್ಡಿನ ಬೋಲ್ಟಿಗೆ ರಸ್ತಿ ಡಾಂಬರು.”

ಓಣಿಯೆಲ್ಲ ಲಾರಿಯಿಂದ ಇಳಿಯುತ್ತಿದ್ದ ದೊಡ್ಡಪ್ಪನ ಪಾದ ನೋಡಿತು. ಎರಡೂ ಹಿಮ್ಮಡಿ ಕಪ್ಪಗಿದ್ದವು.

“ದೊಡ್ಡಪ್ಪ, ಮಂಗಳವಾರ ಗುಜರಿಗೆ ಕೊಡೋ ಲಾರಿಗೆ ಡಾಂಬರು ಯಾಕ ಹಚ್ಚಿದ್ರಿ?”

“ಲಾರಿಗಲ್ಲ” ಎಂದರು ದೊಡ್ಡಪ್ಪ ಆಕಾಶ ನೋಡುತ್ತ. “ಬೋರ್ಡಿಗೆ.”

ಎರಡು ದಿನ, ಮೂರು ಜನ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಂದು ತಮ್ಮ ತಮ್ಮ ತೂತು ತಾವೇ ಮುಚ್ಚಿ ಹೋಗಿದ್ದರು. ಅಜ್ಜಿಯ ಪರವಾಗಿ ಕುರ್ಚಿ ಹತ್ತಿದವಳು ಗಿಡ್ಡಮ್ಮ. ಹುಲುಗಪ್ಪ ವಾರಗಟ್ಟಲೆ ಮಾಡುವ ಕೆಲಸವನ್ನು ನಾನು ಒಂದು ಘೋಷಣೆಯಿಂದ ಮಾಡಿಸಿದ್ದೆ. ಇದನ್ನು ಅಲ್ಲಿ ನೆರೆದವರಿಗೆ ವಿವರಿಸಲು ಸ್ಟೂಲು ಹತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು.

“ನಂದು ಮೆತ್ತಗಾತು ನೋಡು. ಈಗ ತಿನ್ನಾಕ ಚೊಲೋ.”

ಎಲ್ಲರೂ ಬಾಗಿಲಿಗೆ ಮುಗಿಬಿದ್ದೆವು. ಎಡಗಡೆಯ ಸೀಟಿನ ಮೇಲೆ ಟಪ್, ಟಪ್, ಟಪ್. ಮೊದಲ ಸಲ ನೆತ್ತಿಗೆಲ್ಲ ಹೊಯ್ದ ನೀರು ಈಗ ನಿಧಾನವಾಗಿ ಅಜ್ಜಿಯ ಪೇಪರಿಗೆ ಇಳಿಯುತ್ತಿತ್ತು. ಆದರೆ ಆ ಜಾಗದ ಮೇಲೆ ಒಂದೂ ತೂತಿಲ್ಲ! ಹುಲುಗಪ್ಪ ಬೆರಳಾಡಿಸಿ ನೋಡಿದ. ತಗಡು ಸಪಾಟು.

“ಸರಿರಿ ಎಲ್ಲಾರು” ಎಂದಳು ಅಜ್ಜಿ. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಪುಡಿ ಮಾಡಿ, ಅಂಗೈಯಲ್ಲಿ ಹಿಡಿದು ಕ್ಯಾಬಿನ್ನಿನ ಒಳಮಾಡಿಗೆಲ್ಲ ಸವರಿದಳು. “ಹಸಿ ಇದ್ದಲ್ಲಿ ಕರ್ರಗ ಆಗತೈತಿ. ಕಾಯ್ರಿ.”

ಕಾದೆವು. ಬೆಳ್ಳಗಿದ್ದ ತಗಡಿನ ಮೇಲೆ ಒಂದು ಸಣ್ಣ ಕಪ್ಪು ಗೆರೆ ಮೂಡಿತು. ಅಜ್ಜಿಯ ಸೀಟಿನ ಮೇಲಿಂದ ಹೊರಟು, ಅಕ್ಕನ ತಲೆಯ ಮೇಲೆ ಹಾದು, ನೀಲಿ ವೈರಿನ ಜೊತೆಜೊತೆಗೇ ನಡೆದು, ಡ್ರೈವರ್ ಸೀಟಿನ ಹಿಂದಿನ ಮೂಲೆಗೆ ಹೋಗಿ ನಿಂತಿತು. ಹತ್ತನೆಯ ತೂತು. ಅಳತೆ ಹಿಡಿದು, ವಿಡಿಯೋ ನೋಡಿ ಕೊರೆದದ್ದು.

ಓಣಿಯವರು ನನ್ನ ಕಡೆ ತಿರುಗಿದರು. ನಾನು ಸ್ಟೂಲಿನಿಂದ ಇಳಿದೆ.

ದೊಡ್ಡಪ್ಪನಿಗೆ ಇಪ್ಪತ್ತು ವರ್ಷ ಹಿಂದಿನ ದನಿ ಬಂದಿತ್ತು. “ಕಿತ್ತು ಒಗಿಯಲೇ ಆ ದೀಪ!”

“ದೀಪ ತೆಗೆದ್ರ ಲಾರಿ ಯಾರದು ಅಂತ ಯಾರಿಗೆ ಗೊತ್ತಾಗ್ಬೇಕು ದೊಡ್ಡಪ್ಪ?” ಬಾಯಿಯಿಂದ ತಾನಾಗಿ ಬಂದುಬಿಟ್ಟಿತು.

ದೊಡ್ಡಪ್ಪ ತಮ್ಮ ಬೋರ್ಡಿನ ಕಡೆ ಒಮ್ಮೆ ನೋಡಿ, ಕೈಬೀಸಿ ಹುಲುಗಪ್ಪನನ್ನು ಕರೆದರು. ಹುಲುಗಪ್ಪ ರಬ್ಬರಿನಂಥ ಅಂಟು ತಂದು ತೂತಿನ ಬಾಯಿಗೆ ಮೆತ್ತಿದ. ಒದ್ದೆ ತಗಡಿಗೆ ಅದು ಹಿಡಿಯಲಿಲ್ಲ. ಒರೆಸಿ ಮತ್ತೆ ಮೆತ್ತಿದ. ಮೇಲಿನಿಂದ ನೀರು ಬಿಟ್ಟರೆ ವೈರಿನ ಬೆನ್ನು ಹತ್ತಿ ಇಳಿದು, ಅಂಟನ್ನು ತಳ್ಳಿಕೊಂಡು ಒಳಗೇ ಬರುತ್ತಿತ್ತು. ಟಪ್, ಟಪ್. ಹನ್ನೊಂದು ಗಂಟೆಯಾಯಿತು. ಜನ ಒಬ್ಬೊಬ್ಬರಾಗಿ ಮನೆಗೆ ಹೊರಟರು. ಹುಲುಗಪ್ಪ ಕೈ ಒರೆಸಿಕೊಂಡು “ನಾಳಿಗೆ ಆಗಂಗಿಲ್ಲ ಹಂಪೇಶ” ಎಂದ.

ಅಜ್ಜಿ ತನ್ನ ಪೇಪರು ನೋಡಿದಳು. ಅರ್ಧ ಮಂಡಕ್ಕಿ ಹದವಾಗಿ ಮೆತ್ತಗಾಗಿ ಕುಳಿತಿತ್ತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ನುಂಗಿ, ಬಾಯಿ ಒರೆಸಿಕೊಂಡಳು.

“ಬಟ್ಟಿ ಒಣಗ್ಸೋ ದಾರ ನೋಡಿಯೇನಲೇ? ನೀರು ದಾರದ ಮ್ಯಾಗ ಹರಕೊಂತ ಬಂದು ಎಲ್ಲಿ ತೊಟ್ಟಿಕ್ಕತೈತಿ?”

“ಎಲ್ಲಿ ಜೋಲು ಬಿದ್ದೈತೋ ಅಲ್ಲಿ.”

“ನಿನ್ನ ವೈರು ನನ್ನ ತಲಿ ಮ್ಯಾಲೆ ಜೋಲು ಬಿದ್ದೈತಿ. ಆ ಜೋಲು ಹೊರಗ ಬಿಡು. ತೂತಿಗಿಂತ ಗೇಣು ಕೆಳಗ ಇಳಿಸಿ, ತಿರಗಿ ಮ್ಯಾಲೆ ತಂದು ಒಳಗ ಹಾಕು. ನೀರು ಕೆಳಗ ಇಳಿತೈತಿ, ಮ್ಯಾಲೆ ಹತ್ತಂಗಿಲ್ಲ.”

ಐದು ನಿಮಿಷದ ಕೆಲಸ. ವೈರು ಹೊರಗೋಡೆಯ ಮೇಲೆ ಒಂದು ಉಯ್ಯಾಲೆಯಂತೆ ಇಳಿದು ಮತ್ತೆ ಮೇಲೆ ಹತ್ತಿ ಒಳಗೆ ಹೋಯಿತು. ಒರೆಸಿ ಒಣಗಿಸಿದ ತಗಡಿಗೆ ಅಂಟೂ ಹಿಡಿಯಿತು. ಕೋಮಲಾ ಕಾಲು ಗಂಟೆ ನೀರು ಬಿಟ್ಟಳು. ಹನಿಗಳೆಲ್ಲ ಉಯ್ಯಾಲೆಯ ತಳದಿಂದ ಹೊರಗೇ ಉದುರಿದವು. ಅಜ್ಜಿಯ ಸೀಟು ಒಣ.

“ಇಷ್ಟು ಮಳಿ ಕೊಟ್ಟೂರಾಗ ನಾ ಬರೆಯಾಕ ಹತ್ತಿದ ಮ್ಯಾಲೆ ಒಮ್ಮಿನೂ ಬಂದಿಲ್ಲ” ಎಂದು ಕೋಮಲಾ ಪುಸ್ತಕ ಮುಚ್ಚಿದಳು.

ಸೋಮವಾರ ಸಾವ್ಕಾರರು ಹೇಳಿದ ಹೊತ್ತಿಗೆ ಬಂದರು. ಬಿಳಿ ಬಟ್ಟೆ, ಕೈಯಲ್ಲಿ ಬಾಯಿ ಬಿಚ್ಚಿದ ಪೊಟ್ಟಣ, ಕಂಕುಳಲ್ಲಿ ಛತ್ರಿ. ಬೇಡ ಎಂದಿದ್ದರೂ ತಂದಿದ್ದರು. ಅಜ್ಜಿ ನಡುವೆ ಕುಳಿತಾಗಿತ್ತು. ತಾನು ಬಾರದೆ ಲಾರಿ ಹೊರಡಬಾರದು ಎಂದು ಬೆಳಿಗ್ಗೆ ಆರಕ್ಕೇ ಹತ್ತಿದ್ದಳು. ಸಾವ್ಕಾರರು ಫೋಟೋದಲ್ಲಿ ಅಜ್ಜಿ ಪೊಟ್ಟಣ ಹಿಡಿದು ಕೂತಿದ್ದ ಜಾಗ ನೆನಪಿಟ್ಟುಕೊಂಡು ಸರಿಯಾಗಿ ಆ ಎಡಗಡೆಯ ಸೀಟೇ ಹಿಡಿದರು. ಹೊರಡುವಾಗಲೇ ಹನಿ ಶುರುವಾಗಿತ್ತು. ಊರು ದಾಟಿ ಮೂರು ಕಿಲೋಮೀಟರು ಹೋಗುವುದರೊಳಗೆ ಮುಂದಿನ ರಸ್ತೆ ಕಾಣದಂಥ ಮಳೆ. ವೈಪರು ಸತ್ತು ಬದುಕುತ್ತಿತ್ತು. ಮೇಲೆ ಗಂಟೆಗಳು ಬಾರಿಸುತ್ತಿದ್ದವು, ಲಾಳದ ಮೇಲೆ ನೀರು ಬಡಿಯುತ್ತಿತ್ತು, ಬೋರ್ಡು ನಿಂತಿತ್ತು. ಒಳಗೆ ಒಂದು ಹನಿ ಇಲ್ಲ.

ಅರ್ಧ ದಾರಿಯಲ್ಲಿ ಸಾವ್ಕಾರರು ತಟ್ಟನೆ ಕತ್ತಿಗೆ ಕೈ ಹಾಕಿದರು.

“ಬಿತ್ತು!”

ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು. ಲಾರಿ ಪಕ್ಕಕ್ಕೆ ನಿಂತಿತು. ಸಾವ್ಕಾರರು ಬೆರಳಿನ ಮೇಲಿನ ಹನಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಇದು ಬಿಸಿಲೇನು?”

ನಾನು ಮಾಡು ನೋಡಿದೆ. ವೈರು ನೋಡಿದೆ. ವಿಭೂತಿ ಬೆಳ್ಳಗೇ ಇತ್ತು. ಅಷ್ಟರಲ್ಲಿ ಅಜ್ಜಿ ತಿರುಗಿ, ಸಾವ್ಕಾರರ ತಲೆಯ ಹಿಂದಿನ ಹಲಗೆಯ ಮೇಲಿಂದ ಒಂದು ವಸ್ತುವನ್ನು ಬಾಲ ಹಿಡಿದು ಎತ್ತಿದಳು. ಹತ್ತುವಾಗ ತೊಯ್ದ ಛತ್ರಿ.

“ಲಾರಿ ಸೋರಿಲ್ಲಪಾ. ಸೋರಿದ್ದು ನೀ ತಂದದ್ದು.”

ಸಾವ್ಕಾರರು ಛತ್ರಿಯನ್ನು ಕಾಲಡಿಗೆ ಹಾಕಿ, ಪೊಟ್ಟಣವನ್ನು ತೊಡೆಯ ಮೇಲೆ ನೇರ ಮಾಡಿಕೊಂಡರು.

ಹರಪನಹಳ್ಳಿಯಲ್ಲಿ ಅವರ ಗಿರಾಕಿಯ ಅಂಗಡಿಯ ಮುಂದೆ ಲಾರಿ ನಿಂತಿತು. ಅಂಗಡಿಯವರು, ಹಮಾಲರು, ಮಳೆಗೆ ನಿಂತವರು ಎಲ್ಲ ಸೇರಿದರು. ಸಾವ್ಕಾರರು ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ವ್ಯಾಪಾರದ ಮುಖ. ನನ್ನ ಲಾರಿಯ ಆಯುಷ್ಯ ಆ ದವಡೆಯಲ್ಲಿತ್ತು.

ಅಷ್ಟರಲ್ಲಿ ಅಜ್ಜಿ ಕೈ ಹಾಕಿ ಒಂದು ಮುಷ್ಟಿ ತನ್ನ ಬಾಯಿಗೆ ಹಾಕಿಕೊಂಡಳು. ಒಂದು ಸಲ ಬಾಯಾಡಿಸಿದಳು. ಮುಖ ಕಿವುಚಿ, ಅಷ್ಟನ್ನೂ ಕಿಟಕಿಯಿಂದಾಚೆ ಉಗಿದಳು.

“ಏನ್ ಮಂಡಕ್ಕಿನಪಾ ಇದು! ಮುಳ್ಳು ಇದ್ದಂಗ ಐತಿ. ವಸಡೆಲ್ಲ ಕಿತ್ತು ಬಂತು. ನಮ್ಮ ಲಾರಿಯಾಗ ಕುಂತು ಗಟ್ಟಿ ಮಂಡಕ್ಕಿ ತಿಂದದ್ದು ಹುಟ್ಟಿದ ಮ್ಯಾಲೆ ಇದ ಮೊದಲು!”

ಸಾವ್ಕಾರರ ವ್ಯಾಪಾರದ ಮುಖ ಒಡೆಯಿತು. ನಕ್ಕು ನಕ್ಕು ಬಿಳಿ ಅಂಗಿಯ ಮೇಲೆ ಮಂಡಕ್ಕಿ ಚೆಲ್ಲಿಕೊಂಡರು. “ಮೂವತ್ತು ವರ್ಷ ಆತು ಮಂಡಕ್ಕಿ ಮಾರಾಕತ್ತು. ಗರಿಗರಿ ಐತಿ ಅಂತ ಬೈಸ್ಕೊಂಡದ್ದು ಇವತ್ತ. ಇದಕ್ಕಿಂತ ಸರ್ಟಿಫಿಕೇಟ್ ಬೇಕೇನು? ಬುಧವಾರದಿಂದ ಲೋಡ್ ಹತ್ತಿಸು.”

ಅಲ್ಲಿಂದಲೇ ದೊಡ್ಡಪ್ಪನಿಗೆ ಫೋನು ಮಾಡಿದೆ. ಆ ಕಡೆ ದೊಡ್ಡಪ್ಪ ಯಾರಿಗೋ ಜೋರಾಗಿ ಹೇಳುವುದು ಕೇಳಿಸಿತು. “ಏ ಗುಜರಿಯಣ್ಣ, ನಾಳೆ ಬರಬ್ಯಾಡೋ. ಹಳೀದು ಇದ್ರ ಬ್ಯಾರೆಯವರ ಮನ್ಯಾಗ ಕೇಳು. ನಮ್ಮ ಲಾರಿ ಸೋರಂಗಿಲ್ಲ!” ಇನ್ನೊಂದು ಫೋನು ಹಿಡಿದೇ ಕಾಯುತ್ತಿದ್ದರು ಎಂದು ಕಾಣುತ್ತದೆ.

ಸಾವ್ಕಾರರು ಹರಪನಹಳ್ಳಿಯಲ್ಲೇ ಉಳಿದರು. ವಾಪಸ್ ಬರುವಾಗ ಎಡಗಡೆಯ ಸೀಟು ಮತ್ತೆ ಅಜ್ಜಿಯದಾಯಿತು. ಮಳೆ ಹಾಗೇ ಸುರಿಯುತ್ತಿತ್ತು. ಸಾವ್ಕಾರರು ಬಿಟ್ಟುಹೋದ ಪೊಟ್ಟಣ ಬಿಚ್ಚಿ, ಹಳೆಯ ಅಭ್ಯಾಸದಂತೆ ಮಾಡಿನ ಕೆಳಗೆ ಹಿಡಿದು ಕುಳಿತಳು. ಒಂದು ಕಿಲೋಮೀಟರು ಹೋಯಿತು, ಎರಡು ಹೋಯಿತು. ಮೇಲೆ ನೋಡಿದಳು. ಏನೂ ಬೀಳಲಿಲ್ಲ.

“ಒಂದ್ ಹನಿ ಇಲ್ಲಲೇ” ಎಂದಳು.

“ಇಲ್ಲಜ್ಜಿ. ಒಂದ್ ಹನಿ ಇಲ್ಲ.”

ಅಜ್ಜಿ ಗಾಜು ಇಳಿಸಿ, ಪೊಟ್ಟಣವನ್ನು ಕಿಟಕಿಯ ಹೊರಗೆ ಚಾಚಿ, ಹತ್ತು ಎಣಿಸಿ ಒಳಗೆ ತೆಗೆದುಕೊಂಡಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಹದ ಸರಿಯಾಗಿತ್ತು.

ನೀವೇ ಹೇಳಿ, ಕೂಡ್ಲಿಗಿಯಿಂದ ಹಡಗಲಿವರೆಗೆ ಇನ್ನೆಷ್ಟು ಲಾರಿಗಳಿವೆ, ಒಳಗೆ ಕುಳಿತವರಿಗೆ ಮಳೆ ಬೇಕೆಂದರೆ ಕೈ ಹೊರಗೆ ಚಾಚಲೇಬೇಕಾದವು?